ಹಸಿರು ಪೆಟ್ಟಿಗೆ, ಎಡಗಡೆಯ ಎಸಳು

ಮೇಘನಾ, ಆರ್ಯ — ಅವತ್ತು ಹೂವು ಬೀಳಲಿಲ್ಲ. ನಾನು ಬೀಳಿಸಿದೆ.

ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಇಲ್ಲದಿದ್ದರೆ ಮಂಡಿನೋವಿನ ವಿಷಯವೋ ಸಾರಿನ ಪುಡಿಯ ವಿಷಯವೋ ಬರೆದು ಕಾಗದ ಮಡಿಸಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ. ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ನಾನು ಗೋಡೆ ನೋಡುವವಳು. ಆದರೆ ಬರೆಯುವುದಕ್ಕೆ ಅಂಜಿಕೆಯಿಲ್ಲ. ನಮ್ಮೂರ ಶಾಲೆಯ ಮೇಷ್ಟ್ರು ಏಳನೇ ಕ್ಲಾಸಿನವರೆಗೆ ಕಾಪಿ ಬರೆಸಿ ಬರೆಸಿ ನನ್ನ ಅಕ್ಷರವನ್ನು ದುಂಡಗೆ ಮಾಡಿದ್ದರು. ಮೇಘನಾ, ಇದನ್ನು ನೀನು ಓದಬಲ್ಲೆ. ಆರ್ಯನಿಗೆ ಕನ್ನಡ ಓದಲು ಬಾರದು, ನೀನೇ ಓದಿ ಹೇಳು. ನಿನಗೆ ಮಾಡಿದ ಅನ್ಯಾಯ ನಿನ್ನ ಬಾಯಿಂದಲೇ ಹೊರಗೆ ಬರಲಿ.

ಹೂವು ಕೇಳುವುದೆಂದರೇನು ಎಂದು ಆರ್ಯನಿಗೆ ಸರಿಯಾಗಿ ಗೊತ್ತಿಲ್ಲ. ನಿಮ್ಮ ತಾತನ ಮನೆಯವರು ಊರಮ್ಮನನ್ನು ಕೇಳದೆ ಒಂದು ಕೊಳವೆಬಾವಿ ಕೊರೆಸಿದವರಲ್ಲ, ಒಂದು ಹೆಣ್ಣು ಕೊಟ್ಟವರಲ್ಲ. ಪೂಜಾರಿ ನೀರಲ್ಲಿ ಅದ್ದಿದ ಎಸಳುಗಳನ್ನು ಊರಮ್ಮನ ವಿಗ್ರಹದ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಕೇಳಿಕೊಂಡು ಕಾಯಬೇಕು. ಬಲಗಡೆಯ ಎಸಳು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬಿದ್ದ ಮೇಲೆ ಮಾತಿಲ್ಲ. ಮಲೇಷ್ಯಾಕ್ಕೆ ಬಂದ ಮೇಲೂ ನಿಮ್ಮ ಅಮ್ಮ ಆ ಪದ್ಧತಿ ಬಿಡಲಿಲ್ಲ. ಪೂಜಾರಿಗೆ ಫೋನ್ ಮಾಡಿ ಕೇಳಿಸುತ್ತಿದ್ದಳು.

ಕೊರೋನ ಬಂದ ವರ್ಷ ಈ ಸುಬಾಂಗ್ ಜಯಾದ ಮನೆಯಲ್ಲಿ ನಾವು ಐದು ಜನ ಬಾಗಿಲು ಹಾಕಿಕೊಂಡು ಕೂತಿದ್ದೆವು. ನಿಮ್ಮ ಅಪ್ಪ ಸೈಬರ್‌ಜಯಾದ ಆಫೀಸನ್ನು ಮಲಗುವ ಕೋಣೆಗೆ ತಂದಿದ್ದರು. ನಿಮ್ಮ ಅಮ್ಮ ಊಟದ ಮೇಜಿನ ಮೇಲೆ ಪಾಠ ಮಾಡುತ್ತಿದ್ದಳು. ಆರ್ಯ ಕಿವಿಗೆ ಯಂತ್ರ ಹಾಕಿಕೊಂಡು ಕಂಪ್ಯೂಟರಿನ ಸ್ಕೂಲಿನಲ್ಲಿದ್ದ. ಮಾತಾಡುವುದಕ್ಕೆ ಯಾರೂ ಇಲ್ಲ — ಮೇಘನಾ ಒಬ್ಬಳ ಹೊರತು. ನಿನ್ನ ಪರೀಕ್ಷೆ ಮುಗಿದಿತ್ತು. ನಾನು ಕನ್ನಡದಲ್ಲಿ ಕೇಳಿದರೆ ನೀನು ಅರ್ಧ ಇಂಗ್ಲಿಷು ಬೆರೆಸಿ ಉತ್ತರ ಕೊಡುತ್ತಿದ್ದೆ, ಆದರೂ ಪಕ್ಕದಲ್ಲಿ ಕೂರುತ್ತಿದ್ದೆ.

ಊರಲ್ಲಿ ತಾತ ಇದ್ದಾಗ ನಾವಿಬ್ಬರೂ ಟೀವಿಯಲ್ಲಿ ನೋಡುತ್ತಿದ್ದ ಒಂದು ಆಟದ ಕಥೆ ನಿನಗೆ ಹೇಳಿದ್ದೆ. ಸಾಲಾಗಿ ಪೆಟ್ಟಿಗೆಗಳು. ಕೋಟು ಹಾಕಿದವನೊಬ್ಬ “ಇಷ್ಟಕ್ಕೇ ನಿಲ್ಲಿಸ್ತೀರಾ, ಪೆಟ್ಟಿಗೆ ತೆಗೀತೀರಾ?” ಎಂದು ಕೇಳುವನು. ಒಳಗೆ ಹಸಿರು ದೀಪ ಹತ್ತಿದರೆ ಬಹುಮಾನ, ಕೆಂಪು ಹತ್ತಿದರೆ ಬರಿಗೈ. ತಾತ ಪ್ರತಿಸಲವೂ ಮೂಲೆಯ ಪೆಟ್ಟಿಗೆ ತೆಗೆಯಿರಿ ಎಂದು ಟೀವಿಗೆ ಹೇಳುತ್ತಿದ್ದರು. ಟೀವಿ ಕೇಳುತ್ತಿರಲಿಲ್ಲ.

ಒಂದು ದಿನ ನೀನು ಟ್ಯಾಬ್ ತಂದು ನನ್ನ ತೊಡೆಯ ಮೇಲಿಟ್ಟೆ. “ಅಜ್ಜಿ, ನಿನ್ನ ಪೆಟ್ಟಿಗೆ ಶೋ. ಗೇಮ್ ಆಗಿದೆ ನೋಡು.”

ಅದೇ ಕೋಟಿನವನು, ಗೊಂಬೆಯಾಗಿ. ಮೊದಲು ಹಣ್ಣು, ಗಂಟೆ, ಚಿನ್ನದ ಪೆಟ್ಟಿಗೆಗಳ ಚಿತ್ರಗಳು ಗರಗರ ತಿರುಗುತ್ತಿದ್ದವು. ಚಿನ್ನದ ಪೆಟ್ಟಿಗೆಗಳು ಒಂದೇ ಸಾಲಿಗೆ ಬಂದು ನಿಂತರೆ ಅವನು ಕೈಮಾಡಿ ಕರೆಯುತ್ತಿದ್ದ. ಆಮೇಲೆ ನಾವು ಒಂದು ಪೆಟ್ಟಿಗೆ ಮುಟ್ಟಬೇಕು.

“ದುಡ್ಡು ಹಾಕೋ ಬಟನ್ ಮುಟ್ಟಬೇಡ ಅಜ್ಜಿ. ಅದು ಸುಮ್ನೆ ಕೊಡೋ ಕಾಸಲ್ಲೇ ಆಡು ಲಾ,” ಅಂದೆ ನೀನು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ಲಾ ಸೇರಿಸಿ.

ಆರ್ಯ ಕಿವಿಯ ಯಂತ್ರ ತೆಗೆದು, “ಅಮ್ಮ, ಅಜ್ಜಿ ಕ್ಯಾಸಿನೋಲಿ ಕೂತಿದ್ದಾಳೆ,” ಎಂದು ಕೂಗಿದ. ನಿಮ್ಮ ಅಪ್ಪ ಕೋಣೆಯಿಂದಲೇ ನಕ್ಕರು. ಊಟಕ್ಕೆ ಕೂತಾಗ ಅವರು ಹೇಳಿದ ಮಾತು ಮಾತ್ರ ನನಗೆ ಇವತ್ತಿಗೂ ನೆನಪಿದೆ. “ಅತ್ತೆ, ನೀವು ಯಾವ ಪೆಟ್ಟಿಗೆ ಮುಟ್ಟಿದರೂ ಒಂದೇ. ಏನು ಬರಬೇಕು ಅಂತ ಅದು ಮೊದಲೇ ತೀರ್ಮಾನ ಮಾಡಿರುತ್ತೆ.”

ದುಡ್ಡು ಹಾಕುವ ಬಟನ್ ನಾನು ಯಾವತ್ತೂ ಮುಟ್ಟಲಿಲ್ಲ. ನನ್ನ ತಪ್ಪು ಅದಕ್ಕಿಂತ ದೊಡ್ಡದು.

ಅಷ್ಟರಲ್ಲಿ ನಿನಗೆ ದೂರದ ಕಡಲತೀರದ ತೆರೆಂಗಾನು ರಾಜ್ಯದಲ್ಲಿ ಸೀಟು ಬಂತು. ಕಡಲಜೀವಿಗಳ ಓದು. ಆಮೆಗಳು ಮರಳಿಗೆ ಬಂದು ಮೊಟ್ಟೆಯಿಡುವುದನ್ನು ನೀನು ನನಗೆ ಟ್ಯಾಬಿನಲ್ಲಿ ತೋರಿಸುತ್ತಿದ್ದೆ. ಮೊಟ್ಟೆ ಮುಚ್ಚಿ ಹಿಂದಿರುಗಿ ನೋಡದೆ ಸಮುದ್ರಕ್ಕೆ ಹೋಗುವ ತಾಯಿಯನ್ನು ನಾನು ಬೈಯುತ್ತಿದ್ದೆ. “ಅವಳನ್ನ ಬೈಬೇಡ ಅಜ್ಜಿ, ಶೀ ಹ್ಯಾಸ್ ಟು ಗೋ,” ಅನ್ನುತ್ತಿದ್ದೆ ನೀನು. ಆದರೆ ಹಾಸ್ಟೆಲ್ಲು, ಕಾಯಿಲೆ, ರಾಜ್ಯದಿಂದ ರಾಜ್ಯಕ್ಕೆ ಹೋಗಲು ಪೊಲೀಸರ ಅನುಮತಿ — ನಿಮ್ಮ ಅಮ್ಮನಿಗೆ ಕಳಿಸಲು ಧೈರ್ಯ ಬರಲಿಲ್ಲ. ಇಲ್ಲೇ ಮನೆಯ ಹತ್ತಿರದ ಕಾಲೇಜಿನಲ್ಲಿ ಲೆಕ್ಕಶಾಸ್ತ್ರಕ್ಕೂ ಜಾಗವಿತ್ತು. ಯಾವುದು ಎಂದು ಅವತ್ತು ಸಂಜೆಯೊಳಗೆ ತಿಳಿಸಬೇಕಾಗಿತ್ತು.

ನಿಮ್ಮ ಅಮ್ಮ ಪೂಜಾರಿಗೆ ಫೋನ್ ಮಾಡಿದಳು. “ಗುಡಿಗೇ ಬೀಗ ಹಾಕವ್ರೆ ತಾಯಿ. ನಿಮ್ಮನೇಲಿ ಹಿರೇರವ್ರಲ್ಲ, ಅವ್ರೇ ಕೇಳ್ಕಳ್ಳಿ,” ಅಂದರು ಅವರು.

ಹಿರಿಯಳು ನಾನು. ಸ್ನಾನ ಮಾಡಿ, ಕೆಳಗಡೆ ಬೇಲಿಯಲ್ಲಿದ್ದ ಕೇಪಳದ ಹೂವು ತಂದು, ಎಸಳು ಬಿಡಿಸಿ ನೀರಲ್ಲಿ ಅದ್ದಿ, ಮನೆಯಲ್ಲಿದ್ದ ಊರಮ್ಮನ ಪಟದ ಗಾಜಿಗೆ ಎರಡೂ ಕಡೆ ಅಂಟಿಸಿದೆ. ಮೇಘನಾಳನ್ನು ಕಳಿಸಲೇ ಎಂದು ಕೇಳಿದೆ. ಕಾದೆ. ಕಲ್ಲಿನ ವಿಗ್ರಹದ ಮೇಲಿಂದ ಬೀಳುವ ಹಾಗೆ ಗಾಜಿನ ಮೇಲಿಂದ ಬೀಳುವುದಿಲ್ಲವೋ, ಅಥವಾ ಅಮ್ಮನಿಗೆ ಮಾತಾಡಲು ಮನಸ್ಸಿರಲಿಲ್ಲವೋ. ಅಡುಗೆಯಾಯಿತು, ಊಟವಾಯಿತು, ಎಸಳು ಅಲ್ಲೇ. ನಿಮ್ಮ ಅಮ್ಮ ಪಾಠದ ನಡುವೆ ಕತ್ತು ಚಾಚಿ “ಆಯ್ತಾ?” ಎಂದು ಸನ್ನೆಯಲ್ಲಿ ಕೇಳುವುದು, ನಾನು ತಲೆಯಾಡಿಸುವುದು.

ಬೀಳಲಿಲ್ಲ ಎಂದು ಹೇಳಬಹುದಿತ್ತು. ಹಾಗಾದರೆ ನೀವು ನೀವೇ ಕೂತು ಮಾತಾಡಿ ತೀರ್ಮಾನಿಸುತ್ತಿದ್ದಿರಿ. ನಾನು ಹೇಳಲಿಲ್ಲ.

ಟ್ಯಾಬ್ ತೆಗೆದುಕೊಂಡು ಬಟ್ಟೆ ಒಣಗಿಸುವ ಬಾಲ್ಕನಿಗೆ ಹೋದೆ. ಹಸಿರು ಬಂದರೆ ಕಳಿಸುವುದು, ಕೆಂಪು ಬಂದರೆ ಬೇಡ — ಹೀಗೆ ಮನಸ್ಸಿನಲ್ಲಿ ಕೇಳಿಕೊಂಡೆ, ಊರಮ್ಮನ ಮುಂದೆ ಕೇಳಿಕೊಂಡ ಹಾಗೆಯೇ, ಕಣ್ಣು ಮುಚ್ಚಿ. ಚಿತ್ರಗಳು ತಿರುಗಿದವು. ಬಹಳ ಹೊತ್ತು ಆಡಿದ ಮೇಲೆ ಕೋಟಿನವನು ಕರೆದ. ತಾತನ ಮೂಲೆಯ ಪೆಟ್ಟಿಗೆ ಮುಟ್ಟಿದೆ.

ಹಸಿರು ಬಂತು.

ಕಣ್ಣು ಮುಚ್ಚಿದ್ದು ಸರಿಯಾಗಿರಲಿಲ್ಲವೇನೋ ಅಂದುಕೊಂಡೆ. ಟ್ಯಾಬ್ ಹಿಡಿದ ಕೈಗೆ ಮಡಿಯಿಲ್ಲ ಅಂದುಕೊಂಡೆ. ಕೈ ತೊಳೆದು ಬಂದು ಮತ್ತೆ ಆಡಿದೆ. ಮತ್ತೆ ಅವನು ಕರೆದ, ಬೇರೆ ಪೆಟ್ಟಿಗೆ ಮುಟ್ಟಿದೆ, ಕೆಂಪು ಬಂತು. ಕೆಂಪು ಬಂದ ಮೇಲೆ ಕೈ ತೊಳೆಯಲು ನಾನು ಏಳಲಿಲ್ಲ, ಮೇಘನಾ. ಅದನ್ನು ನೀನು ಗಮನಿಸಬೇಕು. ಆ ಯಂತ್ರದ ಹಾಗೆ ನಾನೂ ಮೊದಲೇ ತೀರ್ಮಾನ ಮಾಡಿದ್ದೆ.

ಕಾಯಿಲೆಯ ಭಯ ನನಗೂ ಇತ್ತು ಎಂದು ಬರೆದರೆ ಸುಳ್ಳಲ್ಲ. ಆದರೆ ಅದಕ್ಕಾಗಿ ಅಲ್ಲ. ನೀನು ಹೋದರೆ ಪಕ್ಕದಲ್ಲಿ ಯಾರು ಕೂರುತ್ತಾರೆ — ಅಷ್ಟೇ.

ಒಳಗೆ ಬಂದು ಬೆರಳಿನಿಂದ ಎಡಗಡೆಯ ಎಸಳನ್ನು ಜಾರಿಸಿದೆ. ಅಮ್ಮನ ಪಟದ ಮುಂದೆಯೇ. ಆಮೇಲೆ ನಿಮ್ಮ ಅಮ್ಮನನ್ನು ಕರೆದೆ. ಅವಳು ಬಂದು ನೆಲದ ಮೇಲಿದ್ದ ಎಸಳನ್ನು ಕಣ್ಣಿಗೊತ್ತಿಕೊಂಡಳು.

ನೀನು ಬಾಗಿಲಲ್ಲಿ ನಿಂತಿದ್ದೆ. “ನೀನು ನೋಡಿದ್ಯಾ ಅಜ್ಜಿ, ಬಿದ್ದಿದ್ದು?”

“ನೋಡಿದೆ,” ಅಂದೆ.

“ಓಕೆ ಲಾ,” ಅಂದೆ ನೀನು. ವಾದ ಮಾಡಲಿಲ್ಲ. ಅಪ್ಪ ಹೇಳಿದ್ದರೆ ಮಾಡುತ್ತಿದ್ದೆ, ಅಮ್ಮ ಹೇಳಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನನ್ನ ಮಾತೆಂದು ಒಪ್ಪಿಕೊಂಡೆ.

ಆ ವರ್ಷ ನೀನು ನನ್ನ ಹತ್ತಿರ ಕನ್ನಡ ಅಕ್ಷರ ಕಲಿತೆ. ಅದೇ ಊಟದ ಮೇಜಿನಲ್ಲಿ ಅ ಆ ತಿದ್ದಿದೆ. ನೋಡು, ಅವಳು ಇಲ್ಲೇ ಉಳಿದಿದ್ದಕ್ಕೆ ಇದು ಸಿಕ್ಕಿತಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇನ್ನು ಹೇಳಿಕೊಳ್ಳುವುದಿಲ್ಲ. ಕದ್ದ ಹಾಲಿನಲ್ಲಿ ಪಾಯಸ ಮಾಡಿ ಬಡಿಸಿದರೆ ಕಳ್ಳತನ ಹೋಗುವುದಿಲ್ಲ.

ಈಗ ನೀನು ಕ್ಲಾಂಗ್ ಬಂದರಿನ ಆಫೀಸಿನಲ್ಲಿ ಲೆಕ್ಕ ಬರೆಯುತ್ತೀಯ. ಕೆಲಸ ಹೇಗಿದೆ ಎಂದು ಮೊನ್ನೆ ಕೇಳಿದೆ. “ಚೆನ್ನಾಗಿದೆ ಅಜ್ಜಿ. ಕಂಟೇನರ್ ಸಂದೀಲಿ ಒಂಚೂರು ಸಮುದ್ರ ಕಾಣುತ್ತೆ,” ಅಂದೆ. ದೂರಿದ್ದಲ್ಲ, ನಗುತ್ತಲೇ ಹೇಳಿದೆ. ಅವತ್ತು ರಾತ್ರಿಯೇ ಕಾಗದ, ಪೆನ್ನು ತೆಗೆದಿಟ್ಟೆ.

ಆದರೂ ಬರೆಯುತ್ತಿರಲಿಲ್ಲವೇನೋ. ನಿನ್ನೆ ಸಂಜೆ ಆರ್ಯ ಪೆನಾಂಗಿಗೆ ಹೋಗಿ ಅಡುಗೆ ಕಲಿಯುತ್ತೇನೆ ಅಂದ. “ಕಲಿತು ಏನ್ ಮಾಡ್ತೀಯ, ರಸ್ತೆ ಬದಿ ಮಾಮಕ್ ಅಂಗಡಿ ಇಟ್ಕೊಂಡು ರೊಟ್ಟಿ ತಟ್ತೀಯಾ?” ಅಂದರು ಅಪ್ಪ. “ನೀವೇ ವಾರಕ್ಕೆರಡು ಸಲ ಅಲ್ಲಿಂದ ತಪಾವ್ ಅಂತ ಪಾರ್ಸೆಲ್ ಕಟ್ಟಿಸ್ಕೊಂಡು ಬರ್ತೀರಲ್ಲ,” ಅಂದ ಇವನು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಿಮ್ಮ ಅಮ್ಮ ನನ್ನ ಕಡೆ ತಿರುಗಿದಳು. “ಅಮ್ಮ, ನಾಳೆ ಹೂವು ಕೇಳಿಬಿಡು. ಮೇಘನಾ ವಿಷಯದಲ್ಲಿ ಅವತ್ತು ದಾರಿ ತೋರಿಸಲಿಲ್ವಾ?”

“ಕೇಳಲ್ಲ,” ಅಂದೆ. ಎಲ್ಲರೂ ನನ್ನನ್ನೇ ನೋಡಿದರು. ಈ ಮನೆಯಲ್ಲಿ ನಾನು ಇಲ್ಲ ಅಂದದ್ದು ಅದೇ ಮೊದಲು. ಯಾಕೆ ಎಂದು ಬಾಯಲ್ಲಿ ಹೇಳಲಾಗಲಿಲ್ಲ, ಅದಕ್ಕೇ ಇವತ್ತು ಕೂತು ಬರೆದೆ.

ಆರ್ಯ, ನಿನ್ನ ಬದುಕನ್ನು ನೀನು ಅಪ್ಪನ ಎದುರು ಕೂತು ವಾದ ಮಾಡಿ ಗೆಲ್ಲು, ಇಲ್ಲವೇ ಸೋಲು. ಊರಮ್ಮ ಸುಳ್ಳು ಹೇಳುವವಳಲ್ಲ, ಆದರೆ ಅವಳ ಪಟದ ಹತ್ತಿರ ನನ್ನಂಥವರ ಬೆರಳಿರುತ್ತದೆ.

ಮೇಘನಾ, ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಮತ್ತೆ “ಓಕೆ ಲಾ” ಅನ್ನುತ್ತೀಯ, ಅದನ್ನು ಕೇಳುವ ಯೋಗ್ಯತೆ ನನಗಿಲ್ಲ. ಓದಿದ ಮೇಲೆ ನಿಮ್ಮ ಅಮ್ಮನಿಗೂ ಓದಿ ಹೇಳು. ಆಮೇಲೆ ಈ ಹಾಳೆಗಳನ್ನು ಹರಿಯಬೇಡಿ, ಪಟದ ಹಿಂದೆ ಜೋಪಾನವಾಗಿಡಿ. ನಾನು ಹೋದ ಮೇಲೆ ಈ ಮನೆಯಲ್ಲಿ ಯಾರಾದರೂ, ಯಾವ ಮಗುವಿನ ಮುಂದಾದರೂ ನೀರಲ್ಲಿ ಎಸಳು ಅದ್ದಿದರೆ, ಮೊದಲು ಇವನ್ನು ತೆಗೆದು ಓದಿ.