ಪೋನೀ ಎಂಬ ಎರಡಕ್ಷರ

೨೦೨೪ರ ಫೆಬ್ರವರಿ ಹನ್ನೊಂದು, ಭಾನುವಾರ. ಆಧಾರ: ಅದೇ ಸಂಜೆ ಕಲ್ಯಾಣದುರ್ಗದಲ್ಲಿ ನಾನು ಬರೆದ ದಿನಚರಿ. ವಾರವನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ, ಸರಿಯಿದೆ.

ಶಾಸನಗಳನ್ನು ಓದುತ್ತಲೇ ಮುದುಕನಾದ ನಾನು, ತಂಗಿಯ ಹೊಸ ಮನೆಯ ಗೃಹಪ್ರವೇಶಕ್ಕೆ ಹೊರಟವನಿಗೆ ಹಿಂದೂಪುರದಲ್ಲಿ ಬಸ್ಸು ತಪ್ಪಿತು. ಅವಳ ಮಗಳು ಪೆನುಕೊಂಡದ ಕಡೆ ಕೆಲಸಕ್ಕೆ ದಿನವೂ ದೊಡ್ಡ ಬೈಕಿನಲ್ಲೇ ಹೋಗಿಬರುವವಳು. ಅಂದು ನನ್ನನ್ನು ಕರೆದೊಯ್ಯಲು ಅವಳೇ ಬಂದಳು.

"ಹತ್ತಿ ಮಾವ, ಊಟದ ಹೊತ್ಗೆ ಬಿಟ್ಬುಡ್ತೀನಿ. ಶಾಸನದ ಕಲ್ಲು ತಬ್ಕೊಂಡಂಗೆ ನನ್ನ ತಬ್ಕೊಬ್ಯಾಡಿ, ಹಿಂದಿನ ಕಂಬಿ ಹಿಡ್ಕೊಳ್ಳಿ."

ರೊದ್ದಂ ದಾಟಿದ ಮೇಲೆ ಕಾರೊಂದು ಹಾರ್ನ್ ಬಾರಿಸುತ್ತ ನಮ್ಮನ್ನು ಹಿಂದಿಕ್ಕಿತು. ಅವಳ ಭುಜ ಬಿಗಿದುದನ್ನು ಕಂಡು "ಪೋನೀ" ಎಂದೆ. ನಮ್ಮ ಸೀಮೆಯ ಕನ್ನಡದೊಳಗೆ ತೆಲುಗು ಅಪ್ಪಣೆ ಕೇಳದೆ ಬಂದುಹೋಗುತ್ತದೆ. ಹೋದರೆ ಹೋಗಲಿ ಬಿಡು ಎಂಬುದು ನನ್ನ ಅರ್ಥ. ಬಸ್ಸಿನ ಕಂಡಕ್ಟರು ಡ್ರೈವರಿಗೆ ಕೂಗುವುದೂ ಅದೇ ಪದ. ಅಲ್ಲಿ ಅದರ ಅರ್ಥ, ಓಡಿಸು.

ಅವಳು ಓಡಿಸಿದಳು. ಮೀಟರಿನಲ್ಲಿ ನೂರ ಮೂವತ್ತು ಕಂಡೆ, ಆಮೇಲೆ ನೋಡಲಿಲ್ಲ. ಸಾಲುಮರಗಳು ಒಂದೇ ಗೋಡೆಯಾದವು. ಅಷ್ಟರಲ್ಲಿ ಹೊಲದ ದಾರಿಯಿಂದ ಹುಲ್ಲು ಹೇರಿದ ಟ್ರಾಕ್ಟರು ರಸ್ತೆಗೆ ಬಂದುಬಿಟ್ಟಿತು. ಬೈಕು ಓರೆಯಾಗಿ ಬಾಗಿತು. ಹುಲ್ಲಿನ ಕಡ್ಡಿಗಳು ನನ್ನ ತೋಳನ್ನು ಗೀರಿಕೊಂಡು ಹೋದವು.

ಕಲ್ಯಾಣದುರ್ಗದಲ್ಲಿ ಇಳಿದವನೇ ಜಗಲಿಯ ಮೇಲೆ ಕೂತೆ.

"ಏನಣ್ಣ, ಮಖ ಹಿಂಗೆ ಬಿಳಚ್ಕೊಂಡೈತೆ?" ಎಂದಳು ತಂಗಿ.

"ನಿಧಾನ ಅಂತ ಎರಡು ಸಲ ಕೂಗಿದೆ. ಇವಳು ಕೇಳಲೇ ಇಲ್ಲ."

"ಮಾವ, ನೀವೇ ಪೋನೀ ಅಂದ್ರಲ್ಲ!"

"ಸುಮ್ಕಿರೇ! ಎಪ್ಪತ್ತರ ಮನುಷ್ಯ ಪೋನೀ ಅಂತಾನಾ? ತತ್ತಾ ಇಲ್ಲಿ ಬೀಗದಕೈ."

ಬೈಕಿನ ಬೀಗದಕೈ ತಂಗಿಯ ಸೆರಗಿನ ಗಂಟು ಸೇರಿತು. ಬುಧವಾರ ಬೈಕು ಕೊಳ್ಳುವವರು ಬರುವರೆಂದು ಊಟದ ಪಂಕ್ತಿಯಲ್ಲೇ ಗೊತ್ತಾಯಿತು. ತಂಗಿಯ ಮಗಳು ಎಲೆಯ ಮುಂದೆ ಕೂತಳು, ಉಣ್ಣಲಿಲ್ಲ. ಪದದ ಎರಡರ್ಥವನ್ನು ವಿವರಿಸಬಲ್ಲವನು ಆ ಪಂಕ್ತಿಯಲ್ಲಿ ನಾನೊಬ್ಬನೇ. ವಿವರಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳು ತನ್ನ ಹೆಲ್ಮೆಟ್ಟಿನ ಕ್ಯಾಮೆರಾ ಭಾನುವಾರ ಹಿಡಿದಿದ್ದ ವಿಡಿಯೊ ತುಣುಕನ್ನು ನನ್ನ ಫೋನಿಗೆ ಕಳುಹಿಸಿದಳು. ನಾಲ್ಕು ಬಾರಿ ಕೇಳಿದೆ. ಆಮೇಲೆ ಅದನ್ನೂ ದಿನಚರಿಯ ಆ ಪುಟವನ್ನೂ ತಂಗಿಗೆ ಕಳುಹಿಸಿ, ಬೈಕನ್ನು ಮಾರಬೇಡವೆಂದು ಬರೆದೆ.

ದಿನಚರಿಯ ಪ್ರಕಾರ ನಾನು "ನಿಧಾನ" ಎಂದು ಎರಡು ಬಾರಿ ಕೂಗಿದ್ದೇನೆ. ತುಣುಕಿನಲ್ಲಿ ಆ ಪದ ಒಮ್ಮೆಯೂ ಇಲ್ಲ. ಟ್ರಾಕ್ಟರು ಹಿಂದುಳಿದ ಕೂಡಲೇ ಒಬ್ಬ ವೃದ್ಧನ ನಗು ಕೇಳುತ್ತದೆ, ಗಾಳಿಯ ನಡುವೆಯೂ ಸ್ಪಷ್ಟವಾಗಿ: "ಇನ್ನೊಂಚೂರು ಜೋರಾಗಿ ಬಿಡಮ್ಮ, ಇನ್ನೊಂಚೂರು."