ಪ್ರಣಿತಾಳ ಬದಲಿ

ಇಚಲಕರಂಜಿಯ ಮಗ್ಗದ ಕಾರಖಾನೆಗಳಲ್ಲಿ ‘ಬದಲಿ’ ಎಂಬುದು ಮರ್ಯಾದೆಯ ಶಬ್ದ. ಒಬ್ಬನಿಗೆ ಜ್ವರ ಬಂದರೆ, ಮನೆಯಲ್ಲಿ ಸಾವಾದರೆ, ಅವನ ಮಗ್ಗಗಳನ್ನು ಇನ್ನೊಬ್ಬ ಬಂದು ನಡೆಸುತ್ತಾನೆ. ಹೆಸರು ಅವನದು, ಕೈ ಇವನದು. ನೇಯ್ದದ್ದು ಯಾರ ಕೈ ಎಂದು ಬಟ್ಟೆ ಹೇಳುವುದಿಲ್ಲ, ಮಾಲೀಕ ಕೇಳುವುದೂ ಇಲ್ಲ. ಹುಕ್ಕೇರಿ ಕಡೆಯಿಂದ ಬಂದ ಅಪ್ಪಣ್ಣ ಮೊದಲು ವರ್ಷಗಟ್ಟಲೆ ಬರೀ ಬದಲಿಯಾಗಿಯೇ ದುಡಿದ. ಇನ್ನೊಬ್ಬನ ಮಗ್ಗದಲ್ಲಿ ಎಳೆ ಹರಿದರೂ ತನ್ನದೇ ಹರಿದಂತೆ ಓಡಿಹೋಗಿ ಗಂಟು ಹಾಕುತ್ತಿದ್ದ. ಮುಂದೆ ಕಾಯಂ ಪಾಳಿ ಸಿಕ್ಕ ಮೇಲೂ ಓಣಿಯವರಿಗೆ ಅವನು ‘ಬದಲಿ ಅಪ್ಪಣ್ಣ’ನೇ. ಆ ಹೆಸರಿನಿಂದ ಕರೆದರೆ ಅವನ ಮುಖ ಅರಳುತ್ತಿತ್ತು.

ಮಗ್ಗದ ಸದ್ದು ನಿಧಾನವಾಗಿ ಅವನ ಕಿವಿ ತಿಂದಿತು. ಅದನ್ನು ಅವನು ಯಾರೆದುರೂ ಒಪ್ಪಿಕೊಂಡವನಲ್ಲ. ಎದುರಿನವರ ತುಟಿ ನಿಂತ ಕೂಡಲೇ ‘ಹೂಂ, ಹೂಂ’ ಎಂದು ತಲೆಯಾಡಿಸುವುದನ್ನು ರೂಢಿಸಿಕೊಂಡ. ಹೊರಗಿನವರು ಅದನ್ನು ಒಪ್ಪಿಗೆ ಎಂದು ತಿಳಿಯುತ್ತಿದ್ದರು. ಮನೆಯವರಿಗೆ ಮಾತ್ರ ಅದರ ಅರ್ಥ ಗೊತ್ತಿತ್ತು: ಕೇಳಿಸಿಲ್ಲ. ಕೇಳಿಸಿದ್ದರೆ ಅಪ್ಪಣ್ಣ ಒಂದು ಮಾತು ತಿರುಗಿ ಆಡದೆ ಬಿಡುವವನಲ್ಲ. ಹಾಗಾಗಿ ಹೆಂಡತಿ ಚೆನ್ನವ್ವ, ಮಗಳು ಪ್ರಣಿತಾ ಇಬ್ಬರೂ ಅವನ ಬಲಕಿವಿಯ ಹತ್ತಿರ ಹೋಗಿ ಕೂಗಿಯೇ ಮಾತಾಡುತ್ತಿದ್ದರು. ಆ ಮನೆಯ ಯಾವ ಗುಟ್ಟೂ ಓಣಿಗೆ ಹೊಸದಾಗಿರಲಿಲ್ಲ.

ಪ್ರಣಿತಾ ಬಿ.ಫಾರ್ಮ್ ಓದಿದಳು. ಔಷಧದ ಧಂದೆಯಲ್ಲಿ ಎಷ್ಟು ದಾರಿಗಳಿವೆ ಎಂದು ಕೊನೆಯ ವರ್ಷ ಮಾಸ್ತರರು ಹಲಗೆಯ ತುಂಬ ಬರೆದು ತೋರಿಸಿದ್ದರು. ಕೂತಿದ್ದವರಲ್ಲಿ ಹೆಚ್ಚಿನವರು ಅದನ್ನು ಬರೆದುಕೊಂಡು ಮರೆತರು. ಪ್ರಣಿತಾ ಒಂದನ್ನು ಆರಿಸಿಕೊಂಡಳು. ಮೊದಲು ಯಾವುದಾದರೂ ಕಂಪನಿಯ ತಪಾಸಣಾ ಪ್ರಯೋಗಾಲಯದಲ್ಲಿ ಕೆಲಸ ಕಲಿಯುವುದು, ಆಮೇಲೆ ಸರಕಾರದ ಪರೀಕ್ಷೆ ಬರೆದು ಔಷಧ ನಿರೀಕ್ಷಕಿಯಾಗುವುದು.

“ಅವ್ವಾ, ನಾ ಒಳಗ ಬಂದ್ರ ಅಂಗಡಿ ಮಾಲಕ ಎದ್ದ ನಿಂದರಬೇಕ ನೋಡ.”

“ಮೊದಲ ನೀ ಎಲ್ಲೆರ ಕುಂದರಾಕ ಜಾಗಾ ಹುಡುಕ. ಆಮ್ಯಾಲ ಮಂದೀನ ನಿಂದರಸೀಯಂತ,” ಎಂದಳು ಚೆನ್ನವ್ವ.

ಕೂರುವ ಜಾಗ ಸಿಗಲಿಲ್ಲ. ಗೋವಾದ ಕಂಪನಿಯೊಂದರ ಗೇಟಿನ ಹೊರಗೆ ಬಿಸಿಲಿನಲ್ಲಿ ಸಾಲು ನಿಂತಳು. ಒಳಗೆ ಕರೆದವರು ಒಂದೇ ಪ್ರಶ್ನೆ ಕೇಳಿದರು: ಔಷಧ ಪರೀಕ್ಷಿಸುವ ದೊಡ್ಡ ಯಂತ್ರವನ್ನು ಕೈಯಾರೆ ನಡೆಸಿದ್ದೀಯಾ? ನೋಡಿದ್ದೇನೆ ಎಂದಳು. ಅವಳು ಓದಿದ ಕಾಲೇಜಿನಲ್ಲಿ ಆ ಯಂತ್ರ ಪ್ಲಾಸ್ಟಿಕ್ ಹೊದ್ದು ಕೂತಿತ್ತು, ಮೇಲಿನವರು ತಪಾಸಣೆಗೆ ಬಂದ ದಿನ ಮಾತ್ರ ಹೊದಿಕೆ ತೆಗೆಯುತ್ತಿದ್ದರು. ಇನ್ನೊಂದು ಕಡೆ, ಹೆಣ್ಣುಮಕ್ಕಳನ್ನು ರಾತ್ರಿಪಾಳಿಗೆ ಹಾಕುವುದಿಲ್ಲ ಎಂದರು. ಮತ್ತೊಂದು ಕಡೆ, ಬೈಕ್ ಇದ್ದರೆ ಔಷಧ ಮಾರಲು ಡಾಕ್ಟರರ ಬಾಗಿಲು ತಿರುಗಬಹುದು ಎಂದರು. ಅನುಭವವಿಲ್ಲದೆ ಕೆಲಸ ಇಲ್ಲ, ಕೆಲಸವಿಲ್ಲದೆ ಅನುಭವ ಬರುವುದಿಲ್ಲ. ಅವಳ ಜೊತೆಗೆ ಓದಿದವರೆಲ್ಲ ಈ ಗಾಣ ಸುತ್ತುತ್ತಿದ್ದರು.

ಅದೇ ಹೊತ್ತಿಗೆ ಅಪ್ಪಣ್ಣನ ಕಾರಖಾನೆ ಮುಚ್ಚಿತು. ಮಾಲೀಕ ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿದ. ಅಪ್ಪಣ್ಣ ಮನೆಯಲ್ಲಿ ಕೂತ, ಕೂತಲ್ಲೇ ಕಾಲು ಕುಣಿಸತೊಡಗಿದ.

ಆಗ ಬಂದವನು ಜಿನದತ್ತ. ಮೂಲತಃ ದಾನೋಳಿಯವನು, ಊರಲ್ಲಿ ಕಬ್ಬು, ಗಡಹಿಂಗ್ಲಜದಲ್ಲಿ ಔಷಧದ ಅಂಗಡಿ. ಅವನ ಫಾರ್ಮಸಿಸ್ಟ್ ಪುಣೆಗೆ ಹೋಗಿದ್ದ. ನೋಂದಣಿಯಾದ ಫಾರ್ಮಸಿಸ್ಟ್ ಒಬ್ಬರ ಸರ್ಟಿಫಿಕೇಟು ಗೋಡೆಯ ಮೇಲಿಲ್ಲದೆ ಅಂಗಡಿ ನಡೆಸುವಂತಿಲ್ಲ.

“ನಿನ್ನ ಸರ್ಟಿಫಿಕೇಟ ಗ್ವಾಡಿಗೆ, ನಿಮ್ಮಪ್ಪ ಕೌಂಟರಿಗೆ. ನೀ ಬೇಕಾದ್ರ ಬಾ, ಇಲ್ಲಾಂದ್ರ ನೌಕರಿ ಹುಡುಕ್ಕೋತ ಇರು. ಇಲ್ಲೆ ಎಲ್ಲಾರೂ ಹಿಂಗ ಮಾಡ್ತಾರ,” ಎಂದ.

ಎಲ್ಲರೂ ಹಾಗೆ ಮಾಡುತ್ತಿದ್ದರೆಂಬುದು ನಿಜ. ಅಪ್ಪಣ್ಣನಿಗೆ ವಿಷಯವನ್ನು ಕಿವಿಯಲ್ಲಿ ಕೂಗಿ ಹೇಳಿದಾಗ ಅವನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. “ಅಂದ್ರ ಬದಲಿ! ನೀ ಇಲ್ಲದಾಗ ನಿನ್ನ ಬದಲಿ ನಾ. ಇದಕ್ಕ ಇಷ್ಟ್ಯಾಕ ವಿಚಾರ?” ಎಂದ.

ಅವರು ಗಡಹಿಂಗ್ಲಜಕ್ಕೆ ಬಂದು ಎರಡು ಕೋಣೆಯ ಮನೆ ಹಿಡಿದರು. ಪ್ರಣಿತಾ ದಿನವೂ ಅಂಗಡಿಗೆ ಹೋಗಿ ಕೂತಳು. ಅವಳು ಸಂದರ್ಶನಕ್ಕೆ ಹೋದ ದಿನ ಕೌಂಟರಿನ ಕೆಲಸಗಾರ ಅತುಲ ಅಂಗಡಿ ನಡೆಸುತ್ತಿದ್ದ. ಅಪ್ಪಣ್ಣ ಮೇಲಿನ ಖಾನೆಯಿಂದ ಪೆಟ್ಟಿಗೆ ಇಳಿಸುತ್ತಿದ್ದ, ಹೆಚ್ಚು ಹೋಗುವ ಗುಳಿಗೆಗಳ ಜಾಗ ಕಲಿತುಕೊಂಡಿದ್ದ. ತಾನಿಲ್ಲದಾಗ ಅಂಗಡಿ ಮುಚ್ಚಿರಬೇಕು ಎಂಬ ಕಾನೂನು ಪ್ರಣಿತಾಳಿಗೆ ಗೊತ್ತಿತ್ತು. ಅದರ ಮೇಲೆ ಪರೀಕ್ಷೆ ಬರೆದು ಪಾಸಾದವಳು ಅವಳು.

ಆಷಾಢ ಏಕಾದಶಿಯ ಹಿಂದಿನ ದಿನ ಕೊಲ್ಹಾಪುರದ ಹತ್ತಿರದ ಕಂಪನಿಯೊಂದರಲ್ಲಿ ಸಂದರ್ಶನ ಬಂತು. ಅತುಲ ವಿಠ್ಠಲನ ಯಾತ್ರೆಯ ದಿಂಡಿಯ ಜೊತೆ ಪಂಢರಪುರಕ್ಕೆ ಹೋಗಿದ್ದ. ಜಿನದತ್ತ ದಾನೋಳಿಯ ಹೊಲದಲ್ಲಿದ್ದ. ಬೆಳಿಗ್ಗೆ ಬಸ್ಸಿಗೆ ಹೊರಟ ಪ್ರಣಿತಾ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದಳು:

“ಅಪ್ಪಾ, ಇವತ್ತ ಅಂಗಡಿ ತಗೀಬ್ಯಾಡ.”

ಅಪ್ಪಣ್ಣ ಹಲ್ಲುಜ್ಜುತ್ತಿದ್ದ. “ಹೂಂ, ಹೂಂ,” ಎಂದ.

ಅವಳು ತುಸು ನಿಂತಳು. ತಿರುಗಿ ಹೋಗಿ ಅವನ ಬಲಕಿವಿಯಲ್ಲಿ ಕೂಗಬಹುದಿತ್ತು. ಅಂಗಡಿ ಮುಚ್ಚಿದರೆ ಜಿನದತ್ತ ಸಿಡುಕುತ್ತಾನೆ, ಇರುವ ಒಂದು ಜಾಗವೂ ಹೋಗುತ್ತದೆ. ಹೇಳಿದ್ದಂತೂ ಆಗಿತ್ತು. ಅವಳು ಬಸ್ಸು ಹತ್ತಿದಳು.

ಸಂದರ್ಶನ ಮಾಡಿದವಳು ತಪಾಸಣಾ ವಿಭಾಗದ ಮುಖ್ಯಸ್ಥೆ ಮೃಣಾಲ. ಪುಸ್ತಕದ ಪ್ರಶ್ನೆಗಳನ್ನು ಬೇಗ ಮುಗಿಸಿ, ಪೆನ್ನು ಕೆಳಗಿಟ್ಟು ಮರಾಠಿಯಲ್ಲಿ ಕೇಳಿದಳು: ನಿನ್ನ ಗೆಳತಿ ಪರೀಕ್ಷೆ ಮಾಡಿದ್ದಾಳೆ, ಸಹಿ ಮರೆತು ಮನೆಗೆ ಹೋಗಿದ್ದಾಳೆ. ಮಾಲು ತುರ್ತಾಗಿ ಹೋಗಬೇಕು. ಅವಳ ಬದಲಿ ನೀನು ಸಹಿ ಹಾಕುತ್ತೀಯಾ?

“ಇಲ್ಲ,” ಎಂದಳು ಪ್ರಣಿತಾ. “ಈ ಕೆಲಸದಲ್ಲಿ ಬದಲಿ ಇಲ್ಲ.”

ಮೃಣಾಲ ಮೊದಲ ಸಲ ನಕ್ಕಳು. ಬರುವ ತಿಂಗಳು ಕೆಲಸಕ್ಕೆ ಸೇರಲು ಹೇಳಿದಳು. ಪ್ರಣಿತಾ ಬಸ್‌ಸ್ಟ್ಯಾಂಡಿನಲ್ಲಿ ಪೇಢೆ ಕೊಂಡಳು.

ಅವಳು ಆ ಉತ್ತರ ಕೊಡುತ್ತಿದ್ದ ದಿನವೇ, ಅಪ್ಪಣ್ಣ ಎಂದಿನಂತೆ ತೆರೆದಿದ್ದ ಅಂಗಡಿಗೆ ತಾನಾಜಿ ಬಂದಿದ್ದ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲ ಅವನು. ಮುದಿ ತಾಯಿಗೆ ಮೈ ಸರಿಯಿಲ್ಲವೆಂದು ಗುಳಿಗೆ ಕೇಳಿದ, ಅಪ್ಪಣ್ಣ ಕೊಟ್ಟ. ತಾಯಿ ಅಂದು ಸಂಜೆ ಒಂದು ನುಂಗಿದಳು, ಏಕಾದಶಿಯ ಬೆಳಿಗ್ಗೆ ಉಪವಾಸದ ಬರಿಹೊಟ್ಟೆಯಲ್ಲಿ ಇನ್ನೊಂದು. ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಅವಳನ್ನು ಕೊಲ್ಹಾಪುರಕ್ಕೆ ಒಯ್ದರು. ಡಾಕ್ಟರು ತಾನಾಜಿಯ ಕಿಸೆಯಲ್ಲಿದ್ದ ಗುಳಿಗೆಯ ಪಟ್ಟಿಯನ್ನು ತಿರುಗಿಸಿ ನೋಡಿ, ಇದು ಸಕ್ಕರೆ ಕಾಯಿಲೆಯವರು ತಿನ್ನುವುದು, ನಿಮ್ಮ ತಾಯಿಗೆ ಆ ಕಾಯಿಲೆ ಇತ್ತೇ ಎಂದು ಕೇಳಿದರು. ಇರಲಿಲ್ಲ. ವಾರ ತುಂಬುವುದರೊಳಗೆ ಮುದುಕಿ ಸತ್ತಳು.

ಅಪ್ಪಣ್ಣನನ್ನು ಕೇಳಿದರೆ ಅವನದು ಒಂದೇ ಮಾತು: “ಅಂವ ಏನ ಕೇಳಿದ, ಅದನ್ನ ಕೊಟ್ಟೇನಿ.” ಆ ಗುಳಿಗೆಗಳು ಅಂಗಡಿಯಲ್ಲಿ ಯಾವ ಖಾನೆಯಲ್ಲಿವೆ ಎಂಬುದನ್ನೂ ಸರಿಯಾಗಿ ತೋರಿಸಿದ. ತಲೆ ತಿರುಗುವುದಕ್ಕೆ ಕೇಳಿದ್ದೆ ಎಂದು ತಾನಾಜಿ ಹೇಳಿದರೂ, ಹಮಾಲನೇ ತಪ್ಪು ಕೇಳಿರಬೇಕು ಎಂದು ಎಲ್ಲರೂ ಅಂದುಕೊಂಡರು.

ಔಷಧ ಇಲಾಖೆಯ ಕಚೇರಿಯಿಂದ ಕರೆ ಬಂದಾಗ ಜಿನದತ್ತ ಮನೆಗೆ ಬಂದು ಚಾಪೆಯ ಮೇಲೆ ಕೂತ.

“ನೋಡ ಪ್ರಣಿತಾ, ನಾವು ಬಿಲ್ಲ ಕೊಟ್ಟಿಲ್ಲ. ಬಿಲ್ಲ ಇಲ್ಲಂದ್ರ ಆ ಗುಳಿಗಿ ನಮ್ಮ ಅಂಗಡ್ಯಾಗಿಂದ ಹೋಗೇ ಇಲ್ಲ. ಅವತ್ತ ನಾನ ಇದ್ದೆ, ತಲಿ ತಿರಗೂದಕ್ಕ ಏನ ಕೊಡಬೇಕೋ ಅದನ್ನ ಕೊಟ್ಟೇನಿ ಅಂತ ಹೇಳು. ಸಹಿ ಮಾಡು. ಮುಗೀತು.”

“ಹಂಗಾದ್ರ ಸಕ್ಕರಿ ಗುಳಿಗಿ ಎಲ್ಲಿಂದ ಬಂತಂತ ಹೇಳೂಣ್ರಿ ಅಣ್ಣಾ?”

“ಹಮಾಲ ಮನಶ್ಯಾ. ಯಾರ ಕಡಿಂದ ಯಾವ ಗುಳಿಗಿ ಇಸ್ಕೊಂಡನೋ, ಯಾರಿಗ ಗೊತ್ತ?”

“ಅಂದ್ರ ತನ್ನ ಅವ್ವನ್ನ ಅಂವನ ಕೊಂದಂಗ ಆತಲ್ರಿ.”

“ಅಂವನ ಅವ್ವ ಅಂತೂ ತಿರಗಿ ಬರಾಂಗಿಲ್ಲ,” ಎಂದ ಜಿನದತ್ತ. “ನಿನಗ ಅಪ್ಪ ಇನ್ನೂ ಅದಾನ. ನೌಕರಿನೂ ಐತಿ.”

ಚೆನ್ನವ್ವ ಚಹಾ ತಂದಿಟ್ಟಳು. “ಅಣ್ಣಾ ಹೇಳಿದಂಗ ಮಾಡು,” ಎಂದಳು. ಅಪ್ಪನ ಜೊತೆ ಕೊಲ್ಹಾಪುರದ ಕಚೇರಿಗೆ ಬಸ್ಸಿನಲ್ಲಿ ಹೋಗುವಾಗ ಪ್ರಣಿತಾ, ಜಿನದತ್ತ ಹೇಳಿಕೊಟ್ಟದ್ದನ್ನು ಮನಸ್ಸಿನಲ್ಲೇ ಮರಾಠಿಯಲ್ಲಿ ಜೋಡಿಸಿಕೊಂಡಳು. ಅದು ಚಿಕ್ಕದಾಗಿತ್ತು, ತಪ್ಪಿಲ್ಲದೆ ಹೇಳಬಹುದಿತ್ತು.

ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ತಾನಾಜಿ ಕೂತಿದ್ದ. ತಲೆ ಬೋಳಿಸಿ, ಮೇಲೆ ಬಿಳಿ ಟೊಪ್ಪಿಗೆ ಇಟ್ಟಿದ್ದ. ಜಗಳಕ್ಕೆ ಬರುತ್ತಾನೆಂದು ಪ್ರಣಿತಾ ಹಿಂದೆ ಸರಿದಳು. ಅವನು ಎದ್ದು ಬಂದು ಅಪ್ಪಣ್ಣನ ಮುಂದೆ ನಿಂತು, ಮೆಲ್ಲಗೆ ಕೇಳಿದ:

“ಕಾಕಾ, ಮೀ ಚಕ್ಕರ್‌ಚೀಚ ಗೋಳೀ ಮಾಗಿತಲೀ ಹೋತೀ ನಾ? ಕೀ ಮೀಚ ಚುಕಲೋ?”

ತಲೆ ತಿರುಗುವುದಕ್ಕೇ ಗುಳಿಗೆ ಕೇಳಿದ್ದೆನಲ್ಲವೇ, ಇಲ್ಲಾ ನಾನೇ ತಪ್ಪಿದೆನೇ ಎಂದು ಅವನು ಕೇಳುತ್ತಿದ್ದ. ಅವನ ತುಟಿ ನಿಂತಿತು.

“ಹೂಂ, ಹೂಂ,” ಎಂದ ಅಪ್ಪಣ್ಣ.

ತಾನಾಜಿ ತನ್ನ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ತಿಳಿದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಹೋಗಿ ಬೆಂಚಿನ ತುದಿಯಲ್ಲಿ ಕೂತ. ಮತ್ತೆ ತಲೆ ಎತ್ತಲಿಲ್ಲ.

ಪ್ರಣಿತಾ ನಿಂತಲ್ಲೇ ನಿಂತಳು. ಚಕ್ಕರ್. ರಸ್ತೆಯ ಗದ್ದಲದಲ್ಲಿ, ಮಗ್ಗ ತಿಂದ ಕಿವಿಗೆ, ಹುಕ್ಕೇರಿಯ ಕನ್ನಡಕ್ಕೆ ಅದು ಏನಾಗಿ ಕೇಳಿಸಿರಬೇಕು? ಸಕ್ಕರಿ. ಅಪ್ಪ ಸುಳ್ಳು ಹೇಳಿರಲಿಲ್ಲ. ಕೇಳಿಸಿದ್ದನ್ನೇ ಕೊಟ್ಟಿದ್ದ. ಬೆಂಚಿನ ಮೇಲಿದ್ದವನು ಸರಿಯಾಗಿಯೇ ಕೇಳಿದ್ದ. ಅದು ಅವಳೊಬ್ಬಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ತಾನಾಜಿಗೂ ಇನ್ನು ಗೊತ್ತಾಗುವಂತಿರಲಿಲ್ಲ.

ಒಳಗೆ ಕರೆದರು. ನಿರೀಕ್ಷಕರು ವಯಸ್ಸಾದ ಮನುಷ್ಯ. ಎಂದಾದರೊಂದು ದಿನ ಇಂಥ ಕುರ್ಚಿಯಲ್ಲಿ ಕೂರಬೇಕೆಂದು ಅವಳು ಲೆಕ್ಕ ಹಾಕಿದ್ದಳು. ಆ ಕುರ್ಚಿಯ ಹಿಂಬದಿಯ ಬೆತ್ತ ಹರಿದಿತ್ತು. ಜಿನದತ್ತ ಅವಳ ಹಿಂದೆ ನಿಂತು ಕೆಮ್ಮಿದ.

“ಅಂದು ಅಂಗಡಿಯಲ್ಲಿ ಯಾರಿದ್ದರು?” ನಿರೀಕ್ಷಕರು ಮರಾಠಿಯಲ್ಲಿ ಕೇಳಿದರು.

“ನಾನಿರಲಿಲ್ಲ, ಸಾಹೇಬರೇ,” ಎಂದಳು ಪ್ರಣಿತಾ. “ಕೊಲ್ಹಾಪುರದಲ್ಲಿ ಸಂದರ್ಶನಕ್ಕೆ ಹೋಗಿದ್ದೆ. ಗುಳಿಗೆ ಕೊಟ್ಟವರು ನಮ್ಮ ಅಪ್ಪ. ಅವರಿಗೆ ಕಿವಿ ಕೇಳಿಸುವುದಿಲ್ಲ. ತಾನಾಜಿ ಚಕ್ಕರ್‌ಗೆ ಕೇಳಿದ್ದ, ಇವರಿಗೆ ಸಕ್ಕರಿ ಎಂದು ಕೇಳಿಸಿದೆ. ಇವರಿಗೆ ಕೇಳಿಸುವುದಿಲ್ಲ ಎಂಬುದು ನನಗೆ ಗೊತ್ತಿತ್ತು.”

ಜಿನದತ್ತನ ಕೆಮ್ಮು ನಿಂತಿತು. ಪಕ್ಕದ ಕುರ್ಚಿಯಲ್ಲಿ ಅಪ್ಪಣ್ಣ, ಮಗಳು ದೊಡ್ಡ ಅಧಿಕಾರಿಯೆದುರು ತಡವರಿಸದೆ ಮರಾಠಿ ಆಡುವುದನ್ನು ನೋಡುತ್ತ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದ. “ಹೂಂ, ಹೂಂ.”

ನಿರೀಕ್ಷಕರು ಅವನನ್ನು ನೋಡಿದರು. “ಇವರಿಗೆ ಇದು ಕೇಳಿಸಿತೇ?”

“ಇಲ್ಲ.”

“ಕೇಳಿಸು. ಅವರು ಒಪ್ಪಬೇಕು ಅಥವಾ ಅಲ್ಲಗಳೆಯಬೇಕು. ಕೇಳಿಸದೆ ನಾನು ಬರೆಯುವಂತಿಲ್ಲ.”

ಅವಳು ಎದ್ದು ಅಪ್ಪನ ಬಲಕಿವಿಯ ಹತ್ತಿರ ಬಾಗಿದಳು. ಮನೆಯಲ್ಲಿ ಉಪ್ಪು ಮುಗಿದದ್ದನ್ನು, ಗ್ಯಾಸು ಬಂದದ್ದನ್ನು ಹೇಳುವ ಅದೇ ಗಟ್ಟಿ ದನಿಯಲ್ಲಿ ಕೂಗಿದಳು:

“ಅಪ್ಪಾ! ತಾನಾಜಿ ಚಕ್ಕರ ಅಂದಿದ್ದ! ತಲಿ ತಿರಗೂದು! ನೀ ಸಕ್ಕರಿ ಅಂತ ತಿಳದಿ! ಗುಳಿಗಿ ಕೊಟ್ಟಾವ ನೀನ ಅಂತ ಹೇಳೇನಿ!”

ಪಡಸಾಲೆಯ ತುದಿಯವರೆಗೂ ಅದು ಕೇಳಿಸಿತು. ಹೊರಗೆ ಬೆಂಚು ಸರಿದ ಸದ್ದಾಯಿತು.

ಅಪ್ಪಣ್ಣನ ತಲೆ ಆಡುವುದು ನಿಂತಿತು. ಅವನು ಮಗಳ ಮುಖ ನೋಡಿದ, ನಿರೀಕ್ಷಕರ ಮುಖ ನೋಡಿದ. ‘ಚಕ್ಕರ, ಸಕ್ಕರಿ’ ಎಂದು ತುಟಿಯಲ್ಲೇ ಆಡಿ ನೋಡಿಕೊಂಡ.

“ಹೌದ್ರಿ ಸಾಹೇಬ್ರ,” ಎಂದ. “ನಾನ ಕೊಟ್ಟೇನಿ. ಇಕಿ ಬದಲಿ ಕುಂತಿದ್ದೆ.”

ಬರೆದುಕೊಳ್ಳುತ್ತಿದ್ದ ನಿರೀಕ್ಷಕರು ಆ ಶಬ್ದವನ್ನು ಹಾಗೆಯೇ ಬರೆದುಕೊಂಡರು.

ಮುಂದಿನದು ಕಾನೂನಿನಂತೆ ನಡೆಯಿತು. ಅಂಗಡಿಯ ಪರವಾನಗಿ ಹೋಯಿತು. ಪ್ರಣಿತಾಳ ನೋಂದಣಿಯನ್ನು ತಡೆಹಿಡಿದರು. ಅಪ್ಪಣ್ಣನ ಮೇಲೆ ಪ್ರಕರಣ ದಾಖಲಾಗಿ, ಜಾಮೀನಿನ ಮೇಲೆ ಬಿಟ್ಟರು. ಪ್ರಣಿತಾ ಕಂಪನಿಗೆ ತಾನೇ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಮೃಣಾಲ, “ಪ್ರಕರಣ ಮುಗಿದ ಮೇಲೆ ನೋಡೋಣ,” ಎಂದಳು. ಇಂಥ ಪ್ರಕರಣಗಳು ಯಾವಾಗ ಮುಗಿಯುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಚೆನ್ನವ್ವ ಬಹಳ ದಿನ ಮಗಳ ಜೊತೆ ಮಾತಾಡಲಿಲ್ಲ. ಆಡಿದಾಗ, “ಒಂದ ಸುಳ್ಳ ಹೇಳಾಕ ಬರಲಿಲ್ಲಂದ್ರ ಅಷ್ಟ್ಯಾಕ ಸಾಲಿ ಕಲ್ತಿ?” ಎಂದಳು.

ಅವರು ಇಚಲಕರಂಜಿಗೆ ತಿರುಗಿ ಬಂದಿದ್ದಾರೆ. ಪ್ರಣಿತಾ ಒಂದು ಕಾರಖಾನೆಯಲ್ಲಿ ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಳೆ ಹರಿದಲ್ಲಿ ಗುರುತು ಹಾಕುವ ಕೆಲಸ ಮಾಡುತ್ತಾಳೆ. ತಪಾಸಣೆಯ ಕೆಲಸವೇ ಬೇಕೆಂದಿದ್ದಳು, ಸಿಕ್ಕಿತಲ್ಲ ಎಂದು ಜೊತೆಗೆ ಓದಿದವರೊಬ್ಬರು ಹಂಗಿಸಿದ್ದಾರೆ. ಅವಳು ಈಗಲೂ ಕಂಪನಿಗಳಿಗೆ ಅರ್ಜಿ ಹಾಕುತ್ತಾಳೆ. ನಿಮ್ಮ ಮೇಲೆ ಅಥವಾ ನಿಮ್ಮ ನೋಂದಣಿಯ ಮೇಲೆ ಯಾವುದಾದರೂ ಕ್ರಮ ನಡೆದಿದೆಯೇ ಎಂದು ಕೇಳಿದಲ್ಲಿ ಹೌದು ಎಂದು ಬರೆಯುತ್ತಾಳೆ. ಉತ್ತರ ಬರುವುದಿಲ್ಲ.

ಗಡಹಿಂಗ್ಲಜದ ಕೋರ್ಟಿನಲ್ಲಿ ತಾರೀಖು ಇದ್ದಾಗ ಅಪ್ಪನನ್ನು ಅವಳೇ ಕರೆದೊಯ್ಯುತ್ತಾಳೆ. ಮೊದಲನೆಯ ಸಲ ಜವಾನ ಬಾಗಿಲಿನಲ್ಲಿ ನಿಂತು ಅಪ್ಪಣ್ಣನ ಹೆಸರು ಕೂಗಿದ. ಅಪ್ಪಣ್ಣನಿಗೆ ಕೇಳಿಸಲಿಲ್ಲ. ಮತ್ತೆ ಕೂಗಿದಾಗ ಪ್ರಣಿತಾ ಎದ್ದುನಿಂತು, “ಹಾಜರ್,” ಎಂದಳು.

“ಆರೋಪಿ ನೀನೇನು?” ಎಂದು ಜವಾನ ಮರಾಠಿಯಲ್ಲಿ ಗದರಿದ. “ಅವರೇ ಅನ್ನಬೇಕು. ಇಲ್ಲಿ ಬದಲಿ ನಡೆಯುವುದಿಲ್ಲ.”

ಅಂದಿನಿಂದ ಅವಳು ಅಪ್ಪನ ಮೊಣಕೈ ಹಿಡಿದು ಕೂರುತ್ತಾಳೆ. ಎದುರಿನ ಬೆಂಚಿನಲ್ಲಿ ತಾನಾಜಿ ಇರುತ್ತಾನೆ, ಅವನ ತಲೆಯ ಮೇಲೆ ಕೂದಲು ತಿರುಗಿ ಬಂದಿದೆ. ಹೆಸರು ಕೂಗಿದಾಗ ಅವಳು ಮೊಣಕೈ ಒತ್ತುತ್ತಾಳೆ. ಅಪ್ಪಣ್ಣ ಎದ್ದುನಿಲ್ಲುತ್ತಾನೆ.