ದನಿಯೋ ಧಣಿಯೋ

ಮೊನ್ನೆ ಮೊಟ್ಟೆ ಕೊಳ್ಳಲು ಅಂಗಡಿಗೆ ಹೋಗಿದ್ದೆ. ಖಾಲಿಯಾದ ಮೊಟ್ಟೆ ಟ್ರೇಗಳನ್ನು ಮೂಲೆಯಲ್ಲಿ ಪೇರಿಸಿಟ್ಟಿದ್ದರು. ಮಳೆಹನಿ ಬಿದ್ದು ಆ ಬೂದು ರಟ್ಟು ನೆನೆದಿತ್ತು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಗೆಳೆಯ ಪಂಪಾಪತಿಯ ಹಳೇ ಸ್ಟುಡಿಯೋದೊಳಗೆ ನಿಂತುಬಿಟ್ಟೆ. ಮೊಟ್ಟೆ ಟ್ರೇ ಕಂಡರೆ ನಿಮಗೆ ಆಮ್ಲೆಟ್ ನೆನಪಾಗಬಹುದು, ನನಗೆ ಪಂಪ ನೆನಪಾಗುತ್ತಾನೆ. ಲಾರಿಗಳ ಸದ್ದು ಒಳಗೆ ಬರಬಾರದೆಂದು ಸ್ಟುಡಿಯೋದ ಗೋಡೆಗಳಿಗೆಲ್ಲ ಅವನು ಈ ಟ್ರೇಗಳನ್ನೇ ಅಂಟಿಸಿದ್ದ. ಸದ್ದು ಬರುತ್ತಲೇ ಇತ್ತು, ಆ ಮಾತು ಬೇರೆ.

ಸ್ಟುಡಿಯೋಕ್ಕೂ ಮುಂಚೆ ನಾವು ನಾಲ್ವರು ಗೆಳೆಯರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದೆವು. ನಗಬೇಡಿ. ಹಂಪಿಯಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟಿದ್ದ ವಿದೇಶಿಯೊಬ್ಬ ಊರಿಗೆ ಹೊರಡುವಾಗ, ಹೊರುವುದು ಯಾರು ಎಂದು ತನ್ನ ಗಿಟಾರನ್ನು ಪಂಪನಿಗೆ ಕೊಟ್ಟುಹೋಗಿದ್ದ. ಹಾಡು ಬರೆಯುವವನು, ಹಾಡುವವನು ಎರಡೂ ಪಂಪ. ನಾನು ಡ್ರಮ್ಸ್. ಮದುವೆ ಬ್ಯಾಂಡಿನವರು ಬೇಡವೆಂದು ಬಿಟ್ಟ ಡ್ರಮ್ಮುಗಳನ್ನು ಹಾಗೆ ಕರೆಯಬಹುದಾದರೆ! ಟಿ.ಬಿ. ಡ್ಯಾಂನಲ್ಲಿ ನಮ್ಮಪ್ಪನಿಗೆ ಕೊಟ್ಟಿದ್ದ ಕ್ವಾರ್ಟರ್ಸಿನ ಹಿತ್ತಲಲ್ಲಿ ನಮ್ಮ ಪ್ರಾಕ್ಟೀಸ್ ನಡೆಯುತ್ತಿತ್ತು. ನಾನು ಬಾರಿಸಲು ಶುರುಮಾಡಿದರೆ ಪಕ್ಕದ ಮನೆಯ ಅಕ್ಕ ಗೋಡೆಯಾಚೆಯಿಂದ, "ಯಾರರ ಸತ್ತಾರೇನ್ರೋ?" ಎಂದು ಕೂಗಿ ಕೇಳುತ್ತಿದ್ದರು.

ಒಮ್ಮೆ ಪಂಪನ ಗಂಟಲು ಕೆಟ್ಟಿತು. ಹಾಡುವುದಿರಲಿ, ಮಾತನ್ನೂ ಆಡಬಾರದೆಂದು ಡಾಕ್ಟರು ಗದರಿಸಿ ಕಳಿಸಿದರು. ಸದಾ ವಟವಟ ಎನ್ನುವ ಮನುಷ್ಯ ದಿನವಿಡೀ ಕೈಸನ್ನೆಯಲ್ಲಿ ನೀರು ಕೇಳುತ್ತ, ಕಾಲುವೆ ದಂಡೆಯಲ್ಲಿ ಮಂಕಾಗಿ ಕೂತಿರುತ್ತಿದ್ದ. ದನಿ ಮತ್ತೆ ಬರದೇ ಹೋದರೆ ಎಂಬ ಹೆದರಿಕೆ ಅವನಿಗೆ. ಆ ಹೆದರಿಕೆಯಲ್ಲೇ ಒಂದು ಹಾಡು ಹುಟ್ಟಿತು:

ದನಿಯೇ, ನನ್ನ ದನಿಯೇ,
ಯಾರ ಮನಿಯಾಗ ಉಳಿದಿ?
ನೀ ಇದ್ದರ ನಾನು,
ನೀ ಹೋದರ ನಾ ಏನು?

ಗಂಟಲು ಸರಿಹೋದ ಮೇಲೆ ಮೊದಲ ಸಲ ಅದನ್ನು ಹಾಡಿದಾಗ ನಾನು ಬಾರಿಸುವುದನ್ನೇ ಮರೆತು ಕೂತೆ. ಗೋಡೆಯಾಚೆಯ ಅಕ್ಕನೂ ಸುಮ್ಮನಿದ್ದರು. "ಇದು ಹೋಕ್ಕೈತಿ ನೋಡಲೇ, ಊರೂರಿಗೆ ಹೋಕ್ಕೈತಿ," ಎಂದು ಪಂಪ ಹಿಗ್ಗಿದ.

ಹೋಯಿತು, ಅವನಂದಂತೆಯೇ ಹೋಯಿತು. ಗಣಿ ಮಣ್ಣಿಗೆ ಚಿನ್ನದ ಬೆಲೆ ಬಂದ ವರ್ಷಗಳವು. ಸಂಡೂರಿನ ದಾರಿಯ ಬೇವಿನ ಮರಗಳೂ ಕೆಂಪಾಗಿದ್ದವು. ಅಲ್ಲಿ ಗಣೇಶನ ಪೆಂಡಾಲಿನಲ್ಲಿ ನಮ್ಮ ಕಾರ್ಯಕ್ರಮ, ಮುಂದಿನ ಸೋಫಾದಲ್ಲಿ ಒಬ್ಬ ಗಣಿ ಮಾಲೀಕರು. ನಮ್ಮ ಸೀಮೆಯಲ್ಲಿ ಮಹಾಪ್ರಾಣಕ್ಕೆ ಯಾರೂ ಉಸಿರು ಖರ್ಚು ಮಾಡುವುದಿಲ್ಲ ಎಂಬುದು ನಿಮಗೆ ಗೊತ್ತಿದೆ, ಧಣಿಯನ್ನು ದಣಿ ಎಂದೇ ಕರೆಯುತ್ತಾರೆ. ಅದರ ಮೇಲೆ ನ, ಣ ಎರಡನ್ನೂ ಒಂದೇ ಮಾಡುವ ಆ ಗರಗರ ಲೌಡ್‌ಸ್ಪೀಕರು. ಪಂಪ "ದನಿಯೇ" ಎಂದು ಎತ್ತಿದ್ದೇ ಪೆಂಡಾಲಿನ ತುಂಬ ಸಿಳ್ಳೆ. ಜನ ಸೋಫಾದ ಕಡೆ ತಿರುಗಿ ಕೈಮುಗಿದರು. ನೀ ಇದ್ದರ ನಾನು, ನೀ ಹೋದರ ನಾ ಏನು! ಮಾಲೀಕರು ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು.

ಹಾಡು ಮುಗಿಯುತ್ತಲೇ ಅವರ ಕಡೆಯ ಮನುಷ್ಯನೊಬ್ಬ ಓಡಿಬಂದ. "ಏನ್ ಹಾಡ್ರೀ ಇದು! ಧಣ್ಯಾರು ಅತ್ತುಬಿಟ್ಟಾರ. ಇನ್ನ ಮ್ಯಾಲೆ ಅವರ ಹಾಡು ಎಲ್ಲಾ ನೀವ ಮಾಡ್ರಿ. ಹೊಸಪೇಟಿಯಾಗ ಸ್ಟುಡಿಯೋ ಹಾಕ್ಸಿಕೊಡ್ತಾರ."

"ಅದು ಧಣಿ ಅಲ್ರಿ..." ಎಂದು ಪಂಪ ಬಾಯಿ ತೆರೆದ. ಅಷ್ಟರಲ್ಲಿ ಸ್ಟುಡಿಯೋ ಎಂಬ ಮಾತು ಅವನೊಳಗೆ ಇಳಿದಿರಬೇಕು, ತೆರೆದ ಬಾಯಿ ಹಾಗೇ ಮುಚ್ಚಿತು. ವಾಪಸು ಬರುವ ಜೀಪಿನಲ್ಲಿ ನನ್ನ ಮುಖ ನೋಡಿ ತಾನೇ ಅಂದ: "ಒಂದಕ್ಷರಲೇ. ಒಂದಕ್ಷರಕ್ಕ ಯಾರರ ಜಗಳ ಮಾಡ್ತಾರೇನು?"

ಹಾಗೆ ಪಂಪ ಪ್ರೊಡ್ಯೂಸರ್ ಆದ. ಧಣಿಯ ಹಾಡಿನ ಸಿ.ಡಿ. ಲಾರಿ ಲಾರಿಗಳಲ್ಲೂ ಓಡಿತು. ಕಂಪ್ಲಿಯಿಂದ, ಸಂಡೂರಿನಿಂದ ಜನ ಸ್ಟುಡಿಯೋ ಬಾಗಿಲಿಗೆ ಬಂದು ಕಾದರು. ಹುಟ್ಟುಹಬ್ಬಕ್ಕೊಂದು ಹಾಡು, ಗೃಹಪ್ರವೇಶಕ್ಕೊಂದು, ಹೊಸ ಟಿಪ್ಪರಿನ ಪೂಜೆಗೊಂದು. ಅದಕ್ಕೆ ಪಂಪ ಒಂದು ಉಪಾಯ ಕಂಡುಕೊಂಡಿದ್ದ. ಹೊಗಳುವ ಹಾಡನ್ನು ಮೊದಲೇ ಹಾಡಿ, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು ಇಟ್ಟಿರುತ್ತಿದ್ದ. ಗಿರಾಕಿ ಬಂದೊಡನೆ, "ಹೆಸರು ಏನ್ರಿ?" ಎಂದು ಕೇಳಿ ಮೈಕಿನಲ್ಲಿ ಹೆಸರು ಕೂಗಿದರೆ ಮುಗಿಯಿತು, ಚಹಾ ಆರುವ ಮೊದಲೇ ಹಾಡು ತಯಾರು. ಇನ್ನು ನನ್ನ ಡ್ರಮ್ಸ್? ಆ ಕೆಲಸವನ್ನು ಕೀಬೋರ್ಡಿನ ಒಂದು ಗುಂಡಿ ಮಾಡುತ್ತಿತ್ತು, ಅದೂ ತಾಳ ತಪ್ಪದೆ. ಬ್ಯಾಂಡಿನ ಉಳಿದಿಬ್ಬರೂ ಟಿಪ್ಪರ್ ವ್ಯವಹಾರಕ್ಕೆ ಇಳಿದರು, ನಾನು ಅಪ್ಪನ ದಾರಿ ಹಿಡಿದು ಕಾಲುವೆ ಆಫೀಸು ಸೇರಿದೆ. ಬ್ಯಾಂಡು ಒಡೆಯಿತೆಂದು ಹೇಳಲೂ ಬರುವುದಿಲ್ಲ, ಯಾರೂ ಜಗಳವನ್ನೇ ಆಡಲಿಲ್ಲ.

ಆಮೇಲೆ ಗಣಿಗಳು ನಿಂತವು, ಧಣಿಗಳೂ ಕಾಣೆಯಾದರು. ಟಿಪ್ಪರುಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಂತು ಅವುಗಳ ಚಕ್ರದ ಸುತ್ತ ಹುಲ್ಲು ಬೆಳೆಯಿತು. ಸ್ಟುಡಿಯೋ ಬಾಗಿಲಲ್ಲಿ ನಾಯಿ ಮಲಗತೊಡಗಿತು. ಆಗ ಒಂದು ದಿನ ಪಂಪ ನಮ್ಮ ಆಫೀಸಿಗೆ ಬಂದ. ಮುಖದಲ್ಲಿ ಹಳೆಯ ಕಳೆ. "ಒಳ್ಳೇದ ಆತಲೇ. ಇನ್ನ ನನ್ನ ಹಾಡು ನಾನ ಹಾಡ್ತೀನಿ. ಗಿಟಾರು, ನಾನು, ಅಷ್ಟ. ದನಿ ಹಾಡು ಮೊದಲಿಂದು ಹೆಂಗಿತ್ತೋ ಹಂಗ." ನನಗೆ ಎಷ್ಟು ಖುಷಿಯಾಯಿತೆಂದರೆ, ರಜೆ ಹಾಕಿ ಊರೆಲ್ಲ ತಿರುಗಿ ಪೋಸ್ಟರ್ ಅಂಟಿಸಿದೆ.

ಹೊಸಪೇಟೆಯ ಬಯಲಿನಲ್ಲಿ ಜನ ತಕ್ಕಮಟ್ಟಿಗೆ ಸೇರಿದ್ದರು, ಹೆಚ್ಚಿನವರು ಗಣಿ ಕೆಲಸ ಕಳೆದುಕೊಂಡವರೇ. ಪಂಪ ಕಣ್ಣುಮುಚ್ಚಿ, "ದನಿಯೇ, ನನ್ನ ದನಿಯೇ," ಎಂದ. ಹಿಂದಿನಿಂದ ಯಾರೋ ಕೂಗಿದರು: "ಧಣೀನ ಇಲ್ಲ, ಇನ್ನ ಯಾರ್ನ ಕರಿಯಾಕ ಹತ್ತೀಯಲೇ?"

ಬಯಲೆಲ್ಲ ನಕ್ಕಿತು. ಪಂಪ ಹಾಡು ನಿಲ್ಲಿಸಿ ಮೈಕಿಗೆ ಬಾಯಿ ಹಚ್ಚಿ, "ಧಣಿ ಅಲ್ರೀ, ದನಿ, ದನಿ!" ಎಂದು ಬಿಡಿಸಿ ಬಿಡಿಸಿ ಹೇಳಿದ. ಹಾಳು ಮೈಕಿನಲ್ಲಿ ಎರಡೂ ಒಂದೇ ಥರ ಕೇಳಿಸಿದವು. ಅವನು ಹೇಳಿದಷ್ಟೂ ಜನ ನಕ್ಕರು. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ, ಅವರ ಹೊಟ್ಟೆಯ ಸಂಕಟ ಅವರಿಗೆ. ಆದರೆ ಸಂಡೂರಿನ ಪೆಂಡಾಲಿನಲ್ಲಿ ಅವನು ಇದೇ ಮಾತನ್ನು ಪೂರ್ತಿ ಹೇಳಿಬಿಟ್ಟಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಆಮೇಲೆ ಅವನು ಕಂಪ್ಲಿಗೆ, ಹೆಂಡತಿಯ ಊರಿಗೆ ಹೋಗಿಬಿಟ್ಟ. ನಾನು ಫೋನಿನಲ್ಲಿ ಮಾತಾಡಿದ್ದೇ ಹೆಚ್ಚು. ಮೊನ್ನೆ ಆ ರಟ್ಟಿನ ವಾಸನೆ ಬಿಡದೆ ಕಾಡಿದ್ದಕ್ಕೆ ಭಾನುವಾರ ಬಸ್ಸು ಹತ್ತಿದೆ.

"ಬರ್ರಿ ಅಣ್ಣಾರ, ಕುಂದ್ರಿ," ಎಂದು ಅವನ ಹೆಂಡತಿ ಚಾಪೆ ಹಾಸಿ ಚಹಾ ಕೊಟ್ಟರು. ಪಂಪನ ಕೂದಲು ಪೂರಾ ಬೆಳ್ಳಗಾಗಿದೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿರೆಂದು ಕಸದ ಗಾಡಿಯ ಸ್ಪೀಕರಿನಲ್ಲಿ ಬೆಳಿಗ್ಗೆ ಕೂಗುವುದು ಅವನದೇ ಕಂಠವಂತೆ. "ದಿನಾ ಎಲ್ಲಾರೂ ಕೇಳ್ತಾರಲೇ, ಇನ್ನೇನು ಬೇಕು!" ಎಂದು ನಕ್ಕ. ನಾನು, "ಆ ಹಾಡು ಒಂದು ಸಲ ಹಾಡೋ ಮಾರಾಯ," ಎಂದೆ. ಬ್ಯಾಡ ಬ್ಯಾಡ ಎನ್ನುತ್ತಲೇ ಗಿಟಾರು ಇಳಿಸಿಕೊಂಡ.

ಕಂಠ ಚೂರೂ ಮುಕ್ಕಾಗಿರಲಿಲ್ಲ. ಕಣ್ಣು ಮುಚ್ಚಿ ಹಾಡಿದ:

ಧಣಿಯೇ, ನನ್ನ ಧಣಿಯೇ...

ಮೊದಲು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮುಖ ನೋಡಿದೆ, ತಮಾಷೆಯಲ್ಲ. ಅಲ್ಲಿ ಮೈಕೂ ಇರಲಿಲ್ಲ, ಲೌಡ್‌ಸ್ಪೀಕರೂ ಇರಲಿಲ್ಲ. ನಾಲಿಗೆ ಮಡಚಿ, ಸ್ಪಷ್ಟವಾಗಿ, ಕೊನೆಯವರೆಗೂ ಹಾಗೇ ಹಾಡಿದ. ಅವನಿಗೆ ಅದು ಗೊತ್ತೇ ಆಗಲಿಲ್ಲ.

"ಹೆಂಗಿತ್ತಲೇ?" ಎಂದ.

"ಭಾಳ ಚಲೋ ಆತು," ಎಂದೆ. ಇನ್ನೇನು ಹೇಳಲಿ, ನೀವೇ ಹೇಳಿ.

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿ ಸಣ್ಣಗೆ ಗುನುಗಲು ನೋಡಿದೆ. ಆ ಹಾಡನ್ನು ಹುಟ್ಟಿದ ಹಾಗೆ ಬಲ್ಲವನು ಈಗ ನಾನೊಬ್ಬನೇ. ನನಗೋ, ಹಾಡಲು ಬರುವುದಿಲ್ಲ.